ಹೊಸ್ತಿಲ ಒಳಗಿನ ಜಾಡಿ

ಮೇಯ್‌ಪೋ
ಫೆಬ್ರವರಿ 6, 1987

ಶಿರೋಂಗ್ ಅಕ್ಕನವರಿಗೆ,

ನೀವು ನನ್ನನ್ನು ನೋಡಿಲ್ಲ. ನಾನು ಗ್ವಾಂಗ್‌ಬೀ, ನಿಮ್ಮ ತಮ್ಮ ಶಿಹೌ ಅವರ ಹೆಂಡತಿ. ನೀವು ಮನೆ ಬಿಟ್ಟು ನಾಲ್ಕು ವರ್ಷಕ್ಕೆ ನಾನು ಈ ಮನೆಗೆ ಸೊಸೆಯಾಗಿ ಬಂದೆ. ನಿಮ್ಮ ವಿಳಾಸ ಅತ್ತೆಯವರ ಹೊಲಿಗೆ ಪೆಟ್ಟಿಗೆಯಲ್ಲಿ ಸಿಕ್ಕಿತು, ಚಪ್ಪಲಿ ಹೊಲಿಯಲು ಅಳತೆಗೆ ಕತ್ತರಿಸಿದ ಕಾಗದದ ಹಿಂಬದಿಯಲ್ಲಿ. ಅತ್ತೆ ತೀರಿಕೊಂಡೇ ಒಂಬತ್ತು ವರ್ಷ. ಅಷ್ಟು ಹಳೆಯ ವಿಳಾಸ. ಚೊಂಗ್‌ಚಿಂಗ್‌ನ ಹಗ್ಗದ ಕಾರ್ಖಾನೆಯ ವಸತಿಯಲ್ಲಿ ನೀವು ಈಗಲೂ ಇದ್ದೀರೋ ಇಲ್ಲವೋ. ಈ ಕಾಗದ ಬೇರೆಯವರ ಕೈಗೆ ಸಿಕ್ಕಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ ಮಡಚಿಡಿ.

ನನ್ನ ಓದು ಮೂರನೇ ತರಗತಿಗೆ ನಿಂತಿತು. ಆಮೇಲೆ ಒಂದು ಚಳಿಗಾಲ ಮತ್ತೆ ಕಳಿಸಿದರು, ಹಂದಿ ನೋಡಿಕೊಳ್ಳುವವರಿಲ್ಲವೆಂದು ವಾಪಸು ಕರೆದರು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಕ್ಕ, ನಾನು ಕುಣಿಯನ್ನು ಕೊಂದಿದ್ದೇನೆ ಅಂತ ಕಾಣುತ್ತದೆ.

ಮೊದಲಿನಿಂದ ಹೇಳುತ್ತೇನೆ. ಜನವರಿ ಹದಿನೇಳಕ್ಕೆ ಮಾವನವರು ದೋಣಿಕಟ್ಟೆಯ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡರು. ಶಿಹೌ ಮಾವನವರನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಅವತ್ತು ಬೆಳಿಗ್ಗೆ ತಾನೇ ಸಾರಾಯಿ ಭಟ್ಟಿಮನೆಯ ಕುಣಿಯಿಂದ ಹುದುಗಿದ ಜೋಳವನ್ನೆಲ್ಲ ಭಟ್ಟಿಗೆಂದು ಮೇಲೆತ್ತಿದ್ದರು. ಹಳೆಯ ಕೆಲಸದಾಳು ಗೌ ಅದನ್ನು ಮೂಲೆಯಲ್ಲಿ ರಾಶಿ ಹಾಕಿ, ಚಾಪೆ ಮುಚ್ಚಿ, "ಯಜಮಾನ್ರು ಬಂದ್ಮೇಲೆ ನೋಡೋಣ" ಎಂದು ಹೊಸವರ್ಷಕ್ಕೆ ತನ್ನ ಊರಿಗೆ ಹೋದ. ಮನೆಯಲ್ಲಿ ನಾನೊಬ್ಬಳೇ ಉಳಿದೆ.

ಹಳೆಯ ಪಂಚಾಂಗದ ಹನ್ನೆರಡನೇ ತಿಂಗಳ ಇಪ್ಪತ್ತನಾಲ್ಕು ಬಂತು. ಮನೆಯ ಧೂಳನ್ನೆಲ್ಲ ಗುಡಿಸಿ ಹಾಕುವ ದಿನ. ಜಂತಿ ಗುಡಿಸಿದೆ, ಒಲೆ ತಿಕ್ಕಿದೆ, ಅಕ್ಕಿಯ ಡಬ್ಬದ ತಳ ಕೂಡ ಒರೆಸಿದೆ. ಉಳಿದದ್ದು ಭಟ್ಟಿಮನೆ. ಇಪ್ಪತ್ತೊಂದು ವರ್ಷದಲ್ಲಿ ನಾನು ಅದರ ಹೊಸ್ತಿಲು ದಾಟಿದವಳಲ್ಲ. ಹೆಂಗಸು ಕಾಲಿಟ್ಟರೆ ಸಾರಾಯಿ ಹುಳಿಯಾಗುತ್ತದೆ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಊಟವನ್ನೂ ಹೊಸ್ತಿಲ ಹೊರಗಿನಿಂದಲೇ ಉದ್ದ ಹಲಗೆಯ ಮೇಲೆ ಒಳಗೆ ತಳ್ಳುತ್ತಿದ್ದೆ. ಆದರೆ ಈ ಸಲ ಗುಡಿಸಲು ಗಂಡಸರಿಲ್ಲ. ಮಾವನವರು ಬಿದ್ದದ್ದು ಮನೆಯಲ್ಲಿ ಎಲ್ಲೋ ಕೊಳೆ ಉಳಿದದ್ದಕ್ಕೇ ಇರಬೇಕು ಅಂತ ನನ್ನ ತಲೆಗೆ ಹೊಕ್ಕಿತು. ಹೊಕ್ಕಿದ್ದು ಇಳಿಯಲಿಲ್ಲ. ಕಾಲು ತೊಳೆದುಕೊಂಡು ಒಳಗೆ ಹೋದೆ.

ಕುಣಿಯ ಗೋಡೆ ಪೂರ್ತಿ ಕರಿ ಕೆಸರು. ಕೈಯಿಟ್ಟರೆ ಬೆಣ್ಣೆಯ ಹಾಗೆ ಜಾರುತ್ತಿತ್ತು. ಕೊಳೆತ ಪೇರಹಣ್ಣು, ಕುದುರೆ ಲಾಯ, ಹಳೆಯ ಉಪ್ಪಿನಕಾಯಿ, ಎಲ್ಲ ಸೇರಿದ ವಾಸನೆ. ಈ ಗಂಡಸರು ಅಜ್ಜ ಮುತ್ತಜ್ಜನ ಕಾಲದಿಂದ ಒಮ್ಮೆಯೂ ಇದನ್ನು ತೊಳೆದಿಲ್ಲವಲ್ಲ ಅಂದುಕೊಂಡೆ. ಎರಡು ದಿನ ಗುದ್ದಲಿಯಿಂದ ಕೆರೆದೆ. ಹನ್ನೊಂದು ಬುಟ್ಟಿ ಬಂತು. ಹಿತ್ತಲ ಸಾಸಿವೆ ಸೊಪ್ಪಿನ ಪಾತಿಗೆ ಸುರಿದೆ. ಗುಡ್ಡದಿಂದ ಒಳ್ಳೆಯ ಹಳದಿ ಜೇಡಿಮಣ್ಣು ಹೊತ್ತು ತಂದು ಗೋಡೆಗೆ ಮೆತ್ತಿ ನುಣ್ಣಗೆ ಸವರಿದೆ. ಹೊಸ ಮದುಮಕ್ಕಳ ಕೋಣೆಯ ಹಾಗೆ ಕಂಡಿತು. ನನ್ನಷ್ಟಕ್ಕೆ ನಾನು ಹೆಮ್ಮೆ ಕೂಡ ಪಟ್ಟೆ, ಅದನ್ನು ಬಚ್ಚಿಡುವುದಿಲ್ಲ.

ಹಬ್ಬದ ಹಿಂದಿನ ದಿನ ಶಿಹೌ ಬಂದರು. ಒಳಗೆ ಹೋಗಿ ನೋಡಿದವರು ಕುಣಿಯ ಅಂಚಿನಲ್ಲಿ ಹಾಗೇ ಕುಸಿದು ಕೂತರು.

"ಯಾರ್ ಮಾಡಿದ್ದು?"

"ನಾನೇ. ಹಬ್ಬ ಅಲ್ವಾ ಅಂತ."

"ಕೈ ವಾಸನೆ ಹೋಯ್ತಾ?"

"ನಾಲ್ಕ್ ಸಲ ಸೋಪು ಹಚ್ಚಿ ತೊಳ್ದೆ. ಇನ್ನೂ ಹೋಗಿಲ್ಲ."

ಹಗಲು ಹೊತ್ತಿನಲ್ಲಿ ಒಮ್ಮೆಯೂ ನನ್ನ ಕೈ ಹಿಡಿಯದ ಮನುಷ್ಯ ನನ್ನ ಎರಡೂ ಕೈ ತೆಗೆದುಕೊಂಡು ಮೂಗಿಗೆ ಒತ್ತಿಕೊಂಡರು. ಅತ್ತರು. ಆಮೇಲೆ ಹೇಳಿದರು. "ಜೋಳ ಎಲ್ರದ್ದೂ ಒಂದೇ. ನೀರೂ ಒಂದೇ. ಹಬೆ ಹಾಕೋಕೆ ಯಾರಿಗೆ ಬರಲ್ಲ? ಆ ಮಣ್ಣೊಂದೇ ಕಣೇ ನಮ್ದು. ಇನ್ನೂರು ವರ್ಷದ ಮಣ್ಣು. ಅದಕ್ಕೆ ಜೀವ ಇದೆ."

ಮಣ್ಣಿಗೆ ಜೀವ ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಹೊಸ್ತಿಲ ಹೊರಗೆ ನಿಂತವಳಿಗೆ ಯಾರು ಹೇಳುತ್ತಾರೆ.

ಹುದುಗಿದ ಜೋಳವನ್ನು ಅವರು ದೊಡ್ಡ ಮಣ್ಣಿನ ಬಾನಿಗಳಿಗೆ ತುಂಬಿ ಬಾಯಿ ಮೆತ್ತಿದ್ದಾರೆ. ಆಸ್ಪತ್ರೆಯಲ್ಲಿ ಮಾವನವರಿಗೆ ಯಾರೂ ಏನೂ ಹೇಳಿಲ್ಲ. ಎಪ್ಪತ್ತೆಂಟು ವರ್ಷ ಅವರಿಗೆ. ಈ ಸುದ್ದಿ ಕೇಳಿದರೆ ಎದ್ದು ಬರುತ್ತಾರೋ ಇಲ್ಲವೋ. "ಇದನ್ನ ಸರಿ ಮಾಡೋದು ಯಾರಿಗೂ ಗೊತ್ತಿಲ್ವಾ?" ಅಂತ ಕೇಳಿದೆ. ಶಿಹೌ, "ಒಬ್ಬಳಿಗೆ ಗೊತ್ತಿರ್ಬಹುದು. ಅವಳಿಗೆ ಕಾಗದ ಬರೆಯಲ್ಲ ಅಂತ ಅಪ್ಪಂಗೆ ಮಾತು ಕೊಟ್ಟಿದೀನಿ" ಎಂದು ಎದ್ದು ಹೊರಗೆ ಹೋದರು.

ನಾನು ಯಾರಿಗೂ ಮಾತು ಕೊಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮುಖ ಕಾಣದ, ನಿಮ್ಮ ತಮ್ಮನ ಹೆಂಡತಿ,
ಗ್ವಾಂಗ್‌ಬೀ


ಚೊಂಗ್‌ಚಿಂಗ್
ಫೆಬ್ರವರಿ 14

ಗ್ವಾಂಗ್‌ಬೀ,

ಕಾಗದ ಬಂತು. ನಾನೇ ಓದಿದೆ.

ಪಾತಿಗೆ ಸುರಿದ ಮಣ್ಣನ್ನು ಇವತ್ತೇ ಎತ್ತು. ಗಿಡದ ಬೇರಿಗೆ ಅಂಟಿದ್ದನ್ನೂ ಬಿಡಬೇಡ. ಬಿಸಿಲು ತಾಗಿಸಬೇಡ, ಒಣಗಲು ಬಿಡಬೇಡ, ತೊಳೆಯಬೇಡ. ಮುಖ್ಯವಾಗಿ ತೊಳೆಯಬೇಡ. ಬಾನಿಯ ತಳದಲ್ಲಿ ಹಳದಿ ನೀರು ಇಳಿದಿರುತ್ತದೆ, ಅದನ್ನು ಆ ಮಣ್ಣಿಗೆ ಕುಡಿಸು. ಭಟ್ಟಿಯ ಕೊನೆಯಲ್ಲಿ ಬರುವ ತೆಳು ಸಾರಾಯಿ ಇದ್ದರೆ ಅದನ್ನೂ. ಜೋಳ ಹುದುಗಿಸಲು ಹಾಕುವ ಗೋಧಿ ಹೆಪ್ಪಿನ ಇಟ್ಟಿಗೆ ಪುಡಿ ಮಾಡಿ ಒಂದು ಹಿಡಿ ಹಾಕು. ನೀನು ಮೆತ್ತಿದ ಹಳದಿ ಮಣ್ಣನ್ನು ಕಿತ್ತುಹಾಕು. ನುಣುಪು ನೋಡಿ ಮರುಗಬೇಡ.

ಬಾನಿಯಲ್ಲಿರುವ ಜೋಳವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಿ. ನಿನಗೆ ಯಾರೂ ಹೇಳಿಲ್ಲವಲ್ಲ, ನಾನು ಹೇಳುತ್ತೇನೆ. ನಮ್ಮಲ್ಲಿ ಯಾವತ್ತೂ ಎಲ್ಲ ಜೋಳವನ್ನೂ ಹೊಸದಾಗಿ ಹಾಕಿದ್ದಿಲ್ಲ. ಭಟ್ಟಿ ಇಳಿಸಿದ ಹಳೆಯದಕ್ಕೆ ಹೊಸದನ್ನು ಬೆರೆಸಿ ಮತ್ತೆ ಕುಣಿಗೆ ಇಡುತ್ತಾರೆ. ಮುಂದಿನ ಸಲ ಅದಕ್ಕೆ ಮತ್ತೆ ಹೊಸದು. ನಮ್ಮ ವಂಶದ ಮೊದಲ ಯಿನ್ ಅಜ್ಜ ಇಟ್ಟ ಜೋಳದ ಒಂದು ಕಣ ಆ ಬಾನಿಯಲ್ಲಿ ಇನ್ನೂ ಇರುತ್ತದೆ. ನಿನ್ನ ಗಂಡ ಹುಟ್ಟಿದ ವರ್ಷದ್ದೂ ಇದೆ. ಊರಿಗೆ ಊರೇ ಮರದ ತೊಗಟೆ ತಿಂದ ವರ್ಷ ಅಪ್ಪ ಹಸಿದ ಹೊಟ್ಟೆಯಲ್ಲಿ ಮುಟ್ಟದೆ ಬಿಟ್ಟದ್ದೂ ಇದೆ. ನೀನು ಕೆರೆದದ್ದು ಗೋಡೆ ಮಾತ್ರ. ಪೂರ್ತಿ ಕೊಂದಿಲ್ಲ.

ಅಪ್ಪನಿಗೆ ಈಗ ಹೇಳಬೇಡ. ಸೊಂಟ ಮುರಿದಿದೆ, ಸದ್ಯಕ್ಕೆ ಅಷ್ಟು ಸಾಕು.

ಅಕ್ಕ ಅನ್ನು, ಪರವಾಗಿಲ್ಲ. 'ನೀವು' ಬಿಡು.

ಶಿರೋಂಗ್


ಮೇಯ್‌ಪೋ
ಫೆಬ್ರವರಿ 25

ಅಕ್ಕ,

ನಿನ್ನ ಕಾಗದವನ್ನು ಆರು ಸಲ ಓದಿದೆ. ಮೊದಲ ಯಿನ್ ಅಜ್ಜನ ಮಾತು ಓದಿದ ಮೇಲೆ ಆ ಬಾನಿಗಳ ಪಕ್ಕದಲ್ಲಿ ಜೋರಾಗಿ ಮಾತಾಡಲು ಕೂಡ ಭಯ. ಮುಚ್ಚಳಕ್ಕೆ ಕಿವಿ ಕೊಟ್ಟರೆ ಒಳಗೆ ಯಾರೋ ತುಂಬಾ ದೂರದಲ್ಲಿ ಪಿಸುಗುಡುವ ಹಾಗೆ ಕೇಳುತ್ತದೆ. ಗುಳ್ಳೆ ಒಡೆಯುವ ಸದ್ದು ಅಂತ ಗೌ ಹೇಳಿದ. ಇರಬಹುದು.

ಗೌ ಊರಿಂದ ಬಂದವನು ಕುಣಿ ನೋಡಿ, ನನ್ನನ್ನು ನೋಡಿ, ತಂಬಾಕಿನ ಕೊಳವೆ ಬಾಯಿಂದ ತೆಗೆದ. "ಸೊಸೆ ಕುಣಿಗೆ ಹಬ್ಬದ ಸ್ನಾನ ಮಾಡ್ಸಿದಾಳೆ. ಮುಂದಿನ್ ವರ್ಷ ನದಿಗೂ ಸೋಪು ಹಚ್ತಾಳೆ, ನೋಡ್ತಿರಿ." ಅಂದ ಮೇಲೆ ಅವನೇ ಗುದ್ದಲಿ ಹಿಡಿದು ಪಾತಿಗೆ ಇಳಿದ.

ಹನ್ನೊಂದು ಬುಟ್ಟಿ ಸುರಿದಿದ್ದೆ, ವಾಪಸು ಸಿಕ್ಕಿದ್ದು ಆರು. ಉಳಿದದ್ದನ್ನು ಮಳೆ ಎಳೆದುಕೊಂಡು ಹೋಗಿದೆ. ಆ ಪಾತಿಯ ಸಾಸಿವೆ ಸೊಪ್ಪು ಬೇರೆ ಪಾತಿಗಳದ್ದಕ್ಕಿಂತ ಒಂದು ಗೇಣು ಎತ್ತರ ಬೆಳೆದಿತ್ತು. ಎಲೆ ಮುರಿದರೆ ಪೇರಹಣ್ಣಿನ ಪರಿಮಳ. ಪಲ್ಯ ಮಾಡಿದೆ, ಆದರೆ ಬಾಯಿಗಿಡಲು ಧೈರ್ಯ ಬರಲಿಲ್ಲ. ಇನ್ನೂರು ವರ್ಷದ್ದನ್ನು ಒಂದು ಹೊತ್ತಿನ ಊಟಕ್ಕೆ ತಿಂದು ಮುಗಿಸುವುದು ಹೇಗೆ?

ಮಣ್ಣಿಗೆ ನೀನು ಹೇಳಿದ್ದೆಲ್ಲ ಕುಡಿಸಿದೆವು. ಒಂದು ವಾರವಾಯಿತು. ಗೌ ಒಂದು ಮುದ್ದೆ ಮುರಿದು ಮೂಸಿದ. "ಮಲ್ಗಿದೆ. ಇಲ್ಲಾ ಸತ್ತಿದೆ. ಎರಡಕ್ಕೂ ವಾಸನೆ ಒಂದೇ." ನನಗೂ ಬರೀ ಮಣ್ಣಿನ ವಾಸನೆ ಬಂತು. ಹೊಲದ ಮಣ್ಣಿನ ವಾಸನೆ.

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಮಾವನವರು ಗಂಜಿಯ ಬಟ್ಟಲು ಕೈಗೆ ತೆಗೆದುಕೊಳ್ಳುವ ಮೊದಲು ಕೇಳಿದ್ದು, "ಕುಣಿ ತುಂಬ್ತಾ?" ನಾನು "ತುಂಬ್ತು ಮಾವ" ಅಂದೆ. ಬಾಯಿಂದ ಹಾಗೇ ಜಾರಿತು. ಅವರು ಗಂಜಿ ಪೂರ್ತಿ ಕುಡಿದರು.

ಇನ್ನೊಂದು. ನೀನು ಯಾಕೆ ಹೋದೆ ಅಂತ ಗೌ ಹೇಳಿದ, ನಾನು ಕೇಳದೆ ಇದ್ದರೂ. ಮಾವನವರು ಸಾರಾಯಿ ಹಿಡಿಯುತ್ತಿದ್ದಾಗ ಹತ್ತೊಂಬತ್ತು ವರ್ಷದ ನೀನು ಹೊಸ್ತಿಲು ದಾಟಿ ಬಂದು, ಐದು ಜನ ಗಂಡಸರ ಎದುರು, "ಅಪ್ಪಾ, ಒಳ್ಳೇದು ಮುಗೀತು, ಬಟ್ಲು ಬದಲಾಯ್ಸು" ಅಂದೆಯಂತೆ. ಅವರು ಬದಲಾಯಿಸಲಿಲ್ಲವಂತೆ. ಆಮೇಲೆ ತಾನು ಕದ್ದು ರುಚಿ ನೋಡಿದೆ, ಹುಡುಗಿ ಹೇಳಿದ್ದೇ ಸರಿ ಇತ್ತು ಅಂತ ಗೌ ಅಂದ. ಮಾವನವರು "ಈ ಹೊಸ್ತಿಲು ದಾಟಿದ ಕಾಲು ಈ ಮನೇದಲ್ಲ" ಅಂದರಂತೆ. ಆ ವಾರವೇ ನೀನು ದೋಣಿ ಹತ್ತಿದೆಯಂತೆ.

ನಾನು ಈಗ ದಿನಕ್ಕೆ ಎರಡು ಸಲ ಅದೇ ಹೊಸ್ತಿಲು ದಾಟುತ್ತಿದ್ದೇನೆ. ಆಗಾಗ ನನ್ನ ಕಾಲನ್ನೇ ನೋಡಿಕೊಳ್ಳುತ್ತೇನೆ.

ಬೇರೆ ಏನಾದರೂ ದಾರಿ ಇದೆಯಾ ಅಕ್ಕ? ಇದ್ದರೆ ಬೇಗ ಬರೆ.

ಕಾಯುತ್ತಾ,
ಗ್ವಾಂಗ್‌ಬೀ


ಮೇಯ್‌ಪೋ
ಮಾರ್ಚ್ 8

ಅಕ್ಕ,

ನಿನ್ನ ಉತ್ತರ ಬಂದಿಲ್ಲ. ಹಳೆಯ ಮಾತು ಎತ್ತಿದ್ದಕ್ಕೆ ಬೇಜಾರಾಯಿತಾ? ಗೌ ಹೇಳಿದ್ದನ್ನು ಬರೆಯಬಾರದಿತ್ತು. ಅಥವಾ ಅಂಚೆಚೀಟಿ ಸರಿಯಾಗಿ ಅಂಟಲಿಲ್ಲವೋ, ಅನ್ನದ ಅಗುಳಿನಿಂದ ಅಂಟಿಸಿದ್ದೆ. ಅಥವಾ ನಿನಗೆ ಮೈ ಹುಷಾರಿಲ್ಲವೋ. ನನ್ನ ತಲೆಗೆ ಒಂದು ಹೊಕ್ಕರೆ ಅದರ ಹಿಂದೆ ಹತ್ತು ಬರುತ್ತವೆ.

ಏಪ್ರಿಲ್ ಎರಡಕ್ಕೆ ಮಾವನವರನ್ನು ಮನೆಗೆ ಕಳಿಸುತ್ತಾರಂತೆ. ಮಣ್ಣು ಎದ್ದಿಲ್ಲ. ಬಾನಿಯ ಜೋಳ ಹುಳಿ ತಿರುಗುತ್ತಿದೆ, ಇನ್ನು ಒಂದು ತಿಂಗಳು ತಾಳಬಹುದು ಅಂತ ಶಿಹೌ. ಬರೀ ಹಳದಿ ಮಣ್ಣಿನ ಕುಣಿಗೆ ಇಟ್ಟರೆ ಬರುವ ಸಾರಾಯಿ ಕೆರೆಯ ನೀರಿನ ಹಾಗೆ ಇರುತ್ತದಂತೆ. ಮೊದಲ ಗುಟುಕಿಗೇ ಅವರಿಗೆ ತಿಳಿಯುತ್ತದೆ.

ಬೈದಾದರೂ ಬರೆ.

ಗ್ವಾಂಗ್‌ಬೀ


ಚೊಂಗ್‌ಚಿಂಗ್
ಮಾರ್ಚ್ 12

ಗ್ವಾಂಗ್‌ಬೀ,

ಈ ಕಾಗದ ತರುವ ದೋಣಿಯವನ ಹತ್ತಿರ ಒಂದು ಜಾಡಿ ಇದೆ. ನೀನೇ ಎರಡು ಕೈಯಲ್ಲಿ ಇಳಿಸಿಕೋ. ಗೌ ಕೈಗೆ ಕೊಡಬೇಡ, ಅವನು ಮೊದಲಿನಿಂದಲೂ ಬೀಳಿಸುವವನು.

ಜಾಡಿ ಅಮ್ಮನ ಉಪ್ಪಿನಕಾಯಿಯದು. ನಾನು ಹೊರಡುವ ಬೆಳಿಗ್ಗೆ ಅದರ ತುಂಬ ಎಳೆ ಶುಂಠಿ ಹಾಕಿ ಕೊಟ್ಟಳು. ನಾನು ಶುಂಠಿಯನ್ನು ಅಂಗಳದಲ್ಲೇ ಬೋಗುಣಿಗೆ ಸುರಿದು, ಭಟ್ಟಿಮನೆಗೆ ನುಗ್ಗಿ, ಕುಣಿಯ ಮೂಲೆಯಿಂದ ಕೈತುಂಬ ಕೈತುಂಬ ಕೆಸರು ಕಿತ್ತು ಜಾಡಿಗೆ ತುಂಬಿಕೊಂಡೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅಪ್ಪನಿಗೆ ಜಾಡಿ ಒಡೆಯಿತು ಅಂದಿರಬೇಕು.

ಸಿಟ್ಟಿಗೆ ಮಾಡಿದ ಕೆಲಸ. ನದಿಗೆ ಎಸೆಯುವ ಯೋಚನೆ ಇತ್ತು. ದೋಣಿ ಅರ್ಧ ದಾರಿಗೆ ಬಂದಾಗ ಮುಚ್ಚಳ ತೆಗೆದೆ, ವಾಸನೆ ಬಂತು, ಮತ್ತೆ ಮುಚ್ಚಿದೆ. ಆಮೇಲೆ ಇಪ್ಪತ್ತೈದು ವರ್ಷ ಎಸೆಯಲು ಆಗಲಿಲ್ಲ. ಅದಕ್ಕೆ ಹಸಿವಾಗುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಎರಡು ಚಮಚ ಸಾರಾಯಿ, ಸೋಯಾ ಹಿಟ್ಟು, ಸಂತೆಯಲ್ಲಿ ಬಿಸಾಡಿದ ಹಣ್ಣು. ವಸತಿಯ ಸಮಿತಿಯ ಅಜ್ಜಿ ಮೂರು ಸಲ ಬಂದು, "ಶಿರೋಂಗ್, ಮೊಗಸಾಲೇಲಿ ಏನೋ ಸತ್ತಿದೆ" ಅಂದಳು. ಮಂಡಿನೋವಿನ ಲೇಪ ಅಂದೆ. ಕೊನೆಗೆ ಅವಳೇ ತನ್ನ ಮಂಡಿಗೆ ಸ್ವಲ್ಪ ಕೇಳಿದಳು. ಕೊಟ್ಟೆ. ಗುಣವಾಯಿತಂತೆ.

ನಿನ್ನ ಎರಡನೇ ಕಾಗದಕ್ಕೆ ಯಾಕೆ ಉತ್ತರ ಬರೆಯಲಿಲ್ಲ ಅಂದರೆ, ಕೊಡಲು ಮನಸ್ಸು ಬರಲಿಲ್ಲ. ಅಷ್ಟೇ.

ಪೂರ್ತಿ ಕಳಿಸಿದ್ದೇನೆ. ನನಗೆ ಅಂತ ಉಳಿಸಿಕೊಂಡಿಲ್ಲ. ನಿನ್ನ ಆರು ಬುಟ್ಟಿಗೆ ಇದನ್ನು ಹೆಪ್ಪು ಹಾಕು. ಹೊಸ ಜೇಡಿಮಣ್ಣು ಸೇರಿಸಿ, ಮೂರು ಜನ ಕಾಲಿನಿಂದ ತುಳಿಯಿರಿ. ಎರಡು ವಾರ ಚಾಪೆ ಮುಚ್ಚಿ ಬಿಡಿ. ಆಮೇಲೆ ಗೋಡೆಗೆ.

ಶಿರೋಂಗ್


ಮೇಯ್‌ಪೋ
ಏಪ್ರಿಲ್ 6

ಅಕ್ಕ,

ಜಾಡಿ ಒಡೆಯದೆ ಬಂತು. ದೋಣಿಕಟ್ಟೆಯ ನಲವತ್ತೆರಡು ಮೆಟ್ಟಿಲನ್ನು ಅದನ್ನು ಅವುಚಿಕೊಂಡು ಹತ್ತಿದೆ. ಮಾವನವರು ಜಾರಿದ ಮೆಟ್ಟಿಲಲ್ಲಿ ಕೂತು, ಕೂತೇ ಮೇಲೆ ಸರಿದೆ. ಜನ ನಕ್ಕರು.

ಭಟ್ಟಿಮನೆಯಲ್ಲಿ ಮುಚ್ಚಳ ತೆಗೆದಾಗ ಏನಾಯಿತು ಅಂತ ಬರೆಯಲು ನನಗೆ ಅಷ್ಟು ಅಕ್ಷರ ಬರುವುದಿಲ್ಲ. ಮೊದಲು ಏನೂ ಇಲ್ಲ. ಆಮೇಲೆ ನಿಧಾನವಾಗಿ, ಎಲ್ಲೋ ಒಂದು ತೋಟದಲ್ಲಿ ಎಲ್ಲ ಹಣ್ಣೂ ಒಂದೇ ದಿನ ಮಾಗಿದ ಹಾಗೆ. ಶಿಹೌ ಕಣ್ಣು ಮುಚ್ಚಿಕೊಂಡರು. ಗೌ ಬಾಯಿಂದ ಕೊಳವೆ ತೆಗೆದವನು ಮತ್ತೆ ಇಟ್ಟುಕೊಳ್ಳಲು ಮರೆತ. ಒಂದು ಮುದ್ದೆಯನ್ನು ಬೆಳಕಿಗೆ ಹಿಡಿದು ಮುರಿದರೆ ಒಳಗೆ ಬರೀ ಕಪ್ಪಲ್ಲ ಅಕ್ಕ, ಪಾರಿವಾಳದ ಕತ್ತಿನ ಹಾಗೆ, ನೀಲಿ, ಕೆಂಪು, ಹಸಿರು ಹೊರಳಿತು. ನಾನು ಹನ್ನೊಂದು ಬುಟ್ಟಿ ಕೆರೆದವಳು. ಒಂದನ್ನೂ ಬೆಳಕಿಗೆ ಹಿಡಿದು ನೋಡಿರಲಿಲ್ಲ.

ತುಳಿಯುವ ಹೊತ್ತಿಗೆ ನಾನು ಹಿಂದೆ ಸರಿದು ನಿಂತೆ. ಗೌ, "ಬಾರಮ್ಮ, ಹೆಂಗ್ಸಿನ್ ಕಾಲು ಬಿದ್ರೆ ಹುಳಿ ಆಗತ್ತೆ ಅಂತಿದ್ರು. ಹುಳಿ ಆಗೋಕೆ ಇನ್ನೇನ್ ಉಳ್ಸಿದೀಯ? ತುಳಿ" ಅಂದ. ತುಳಿದೆ. ತಣ್ಣಗಿರುತ್ತದೆ ಅಂದುಕೊಂಡಿದ್ದೆ. ಬೆಚ್ಚಗಿತ್ತು. ಮೂರನೇ ದಿನ ಚಾಪೆ ಎತ್ತಿ ನೋಡಿದರೆ ಪಾತಿಯಿಂದ ತಂದ ಮಣ್ಣೂ ವಾಸನೆ ಬಿಡಲು ಶುರು ಮಾಡಿತ್ತು. ಸತ್ತಿರಲಿಲ್ಲ, ಮಲಗಿತ್ತು. ಯಾರೋ ಗುರುತಿನವರು ಬಂದು ಕರೆಯಲಿ ಅಂತ ಕಾದಿತ್ತೋ ಏನೋ.

ಮಾರ್ಚ್ ಮೂವತ್ತಕ್ಕೆ ಕುಣಿ ತುಂಬಿ ಮೇಲೆ ಮಣ್ಣಿನ ಮುಚ್ಚಿಗೆ ಮೆತ್ತಿದೆವು. ಏಪ್ರಿಲ್ ಎರಡಕ್ಕೆ ಮಾವನವರು ಬಂದರು. ಅಂಗಳದ ಕೋಣೆಯಲ್ಲಿ ಮಲಗಿದ್ದಾರೆ. ಬಂದವರೇ, "ಕಿಟಕಿ ತೆಗಿ" ಅಂದರು. ಗಾಳಿ ಭಟ್ಟಿಮನೆಯ ಕಡೆಯಿಂದ ಬರುತ್ತಿತ್ತು. ತುಂಬಾ ಹೊತ್ತು ಮೂಗು ಅತ್ತ ಮಾಡಿಕೊಂಡು ಮಲಗಿದ್ದರು. ನನ್ನ ಎದೆಬಡಿತ ಅವರಿಗೆ ಕೇಳುತ್ತದೇನೋ ಅಂತ ನಾನು ಸೊಪ್ಪು ಕೊಚ್ಚಲು ಕೂತೆ.

ನಿನ್ನೆ ಸಮಾಧಿ ಗುಡಿಸುವ ದಿನ. ಅತ್ತೆಯ ಸಮಾಧಿಯ ಮುಂದೆ ಜಾಡಿ ಬಂತು ಅಂತ ಹೇಳಿದೆ. ಬೇರೆ ಯಾರಿಗೂ ಹೇಳುವ ಹಾಗಿರಲಿಲ್ಲ.

ನೀನು ನಿನಗೇನೂ ಉಳಿಸಿಕೊಂಡಿಲ್ಲ ಅಂದೆಯಲ್ಲ, ಅದು ನನ್ನನ್ನು ಕೊರೆಯುತ್ತಿದೆ. ಮೊಗಸಾಲೆ ಈಗ ಖಾಲಿಯಾಗಿ ಕಾಣುತ್ತದಾ?

ಗ್ವಾಂಗ್‌ಬೀ


ಮೇಯ್‌ಪೋ
ಮೇ 20

ಅಕ್ಕ,

ಬಿಸಿಲಿಗೆ ಕುಣಿಯ ಮುಚ್ಚಿಗೆ ಬಿರುಕು ಬಿಡುತ್ತದೆ. ಕೂದಲೆಳೆಯಷ್ಟು ಬಿರುಕಿನಲ್ಲೂ ಗಾಳಿ ನುಗ್ಗಿದರೆ ಕೆಟ್ಟಿತು ಅಂತ ಗೌ. ಅದಕ್ಕೇ ಬೆಳಿಗ್ಗೆ ಸಂಜೆ ಒದ್ದೆ ಕೈಯಿಂದ ತಟ್ಟಿ ಮುಚ್ಚುತ್ತೇನೆ. ನಿಜ ಹೇಳಬೇಕೆಂದರೆ ದಿನಕ್ಕೆ ಐದು ಸಲ. ನನಗೆ ಮಾತ್ರ ಕಾಣುವ ಬಿರುಕುಗಳೂ ಇರುತ್ತವೆ.

ಇವತ್ತು ಮಾವನವರಿಗೆ ಗಂಜಿ ಕೊಟ್ಟಾಗ ಅವರು ನನ್ನ ಕೈಯನ್ನೇ ನೋಡುತ್ತಾ ಅಂದರು, "ಆ ತಟ್ಟೋದು ಶಿಹೌ ಕೈ ಅಲ್ಲ. ಗೌದೂ ಅಲ್ಲ. ಅವನು ಸೋಮಾರಿ, ಎರಡು ತಟ್ತಾನೆ, ಹೋಗ್ತಾನೆ."

ನಾನು ಬಟ್ಟಲು ಹಿಡಿದು ನಿಂತೆ.

"ಗಂಜಿ ಬಿಸಿ ಇದೆ" ಅಂದರು. ಅಷ್ಟೇ. ಅವರಿಗೆ ಎಷ್ಟು ಗೊತ್ತು? ಅಂಗಳದ ಆಚೆಯಿಂದ ಕೈಯ ಸದ್ದಿನಲ್ಲೇ ಯಾರೆಂದು ತಿಳಿಯುವವರಿಗೆ ಇನ್ನೇನು ತಿಳಿಯದೆ ಇರುತ್ತದೆ? ಜೂನ್ ಹನ್ನೆರಡಕ್ಕೆ ಕುಣಿ ತೆಗೆಯುತ್ತೇವೆ. ಬಿದಿರ ಕುರ್ಚಿಯಲ್ಲಿ ತಮ್ಮನ್ನು ಹೊತ್ತುಕೊಂಡು ಹೋಗಬೇಕು, ತಾವೇ ಸಾರಾಯಿ ಹಿಡಿಯುತ್ತೇನೆ ಅನ್ನುತ್ತಾರೆ ಮಾವನವರು. ನಾನು ಈಗಲೇ ಹೇಳಿಬಿಡಲಾ?

ಗ್ವಾಂಗ್‌ಬೀ


ಚೊಂಗ್‌ಚಿಂಗ್
ಜೂನ್ 2

ಗ್ವಾಂಗ್‌ಬೀ,

ಈಗ ಹೇಳಬೇಡ. ಮೊದಲು ಕುಡಿಯಲಿ. ಆಮೇಲೆ ಕೇಳಿದರೆ ಎಲ್ಲ ಹೇಳು. ನನ್ನ ಹೆಸರು ಬೇಕಾದರೆ ಬಿಡು, ನಿನ್ನ ತಪ್ಪು ಬಿಡಬೇಡ. ಅಪ್ಪನಿಗೆ ಸುಳ್ಳು ರುಚಿಯಾಗುವುದಿಲ್ಲ.

ಗುಳ್ಳೆ ನೋಡಲು ಕಲಿ. ಬಟ್ಟಲಿಗೆ ಬೀಳುವಾಗ ಏಳುವ ಗುಳ್ಳೆಗೆ ನಮ್ಮವರು ಹೂ ಅನ್ನುತ್ತಾರೆ. ಮೊದಲು ದೊಡ್ಡ ಹೂ, ಸೋಯಾ ಕಾಳಿನಷ್ಟು, ಎದ್ದು ತಕ್ಷಣ ಒಡೆಯುತ್ತದೆ. ಆಮೇಲೆ ಹೆಸರುಕಾಳಿನಷ್ಟು, ಸಮವಾಗಿ ನಿಲ್ಲುತ್ತದೆ. ಅದು ನಡುವಿನ ಸಾರಾಯಿ, ಅದೇ ಒಳ್ಳೆಯದು. ನವಣೆಯಷ್ಟು ಸಣ್ಣದಾಗುವ ಹೊತ್ತಿಗೆ ಬಟ್ಟಲು ಬದಲಾಯಿಸಬೇಕು. ಅವತ್ತು ನಾನು ಹೇಳಿದ್ದು ಇಷ್ಟನ್ನೇ.

ಏನಾದರೂ ಬರೆ. ಕೆಟ್ಟಿದ್ದರೂ ಬರೆ. ಮೊಗಸಾಲೆ ಖಾಲಿಯಾಗಿಯೇ ಕಾಣುತ್ತದೆ.

ಶಿರೋಂಗ್


ಮೇಯ್‌ಪೋ
ಜೂನ್ 15

ಅಕ್ಕ,

ನಿಧಾನವಾಗಿ ಬರೆಯಬೇಕು ಅಂತ ಕೂತಿದ್ದೇನೆ. ಕೈ ಕೇಳುತ್ತಿಲ್ಲ.

ಹನ್ನೆರಡರ ಬೆಳಿಗ್ಗೆ ಶಿಹೌ ಮತ್ತು ಗೌ ಮಾವನವರನ್ನು ಬಿದಿರ ಕುರ್ಚಿಯಲ್ಲಿ ಹೊತ್ತು ಒಳಗೆ ತಂದರು. ಮುಚ್ಚಿಗೆ ತೆಗೆದರು. ಮಾವನವರು ಕುಣಿಯ ಗೋಡೆ ನೋಡಿದರು. ಅಲ್ಲಲ್ಲಿ ಹಳದಿ, ಅಲ್ಲಲ್ಲಿ ಬೂದಿ, ಮೂಲೆಯಲ್ಲಿ ಮಾತ್ರ ಕಪ್ಪು. ನಾನು ಹೊಸ್ತಿಲ ಹೊರಗೆ ಕಂಬ ಹಿಡಿದು ನಿಂತಿದ್ದೆ. ಬೈಗುಳಕ್ಕೆ ಕಾದೆ. ಅವರು ತಲೆ ತಿರುಗಿಸದೆಯೇ ಅಂದರು, "ಇಷ್ಟು ದಿನ ದಿನಕ್ಕೆ ಐದು ಸಲ ಬಂದಿದೀಯ. ಇವತ್ತೇನು ಹೊರಗೆ ನಿಂತಿರೋದು?"

ಒಳಗೆ ಹೋದೆ. ಕಾಲು ಎತ್ತಿಟ್ಟದ್ದು ನೆನಪಿಲ್ಲ.

ಹುದುಗಿದ ಜೋಳವನ್ನು ಗೌ ಮರದ ಹಬೆಪಾತ್ರೆಗೆ ಹಗುರವಾಗಿ ಉದುರಿಸಿದ, ಹಬೆ ಎಲ್ಲಿ ಇಣುಕುತ್ತದೋ ಅಲ್ಲಿಗೆ ಒಂದು ಹಿಡಿ. ಮೇಲೆ ತಣ್ಣೀರಿನ ತವರದ ಕಡಾಯಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ಕೊಳವೆಯ ತುದಿಯಲ್ಲಿ ಒಂದು ಹನಿ ನಿಂತಿತು. ಬೀಳಲೋ ಬೇಡವೋ ಅಂತ ಯೋಚಿಸುವ ಹಾಗೆ. ಬಿತ್ತು. ಹಿಂದೆ ನೂಲಿನ ಹಾಗೆ ಇಳಿಯತೊಡಗಿತು. ಕೆಸರು, ಹುಳಿ, ಹಬೆ, ಇದೆಲ್ಲದರಿಂದ ಇಷ್ಟು ತಿಳಿಯಾದದ್ದು ಹೇಗೆ ಬರುತ್ತದೆ ಅಕ್ಕ? ಇಪ್ಪತ್ತೊಂದು ವರ್ಷ ನಾನು ಇದರ ಅನ್ನ ಉಂಡಿದ್ದೇನೆ, ಹುಟ್ಟುವುದನ್ನು ನೋಡಿರಲಿಲ್ಲ.

ಮೊದಲು ಬಂದದ್ದನ್ನು ಮಾವನವರು ಬದಿಗಿಟ್ಟರು. ದೊಡ್ಡ ಹೂ ಒಡೆದು ಹೋಯಿತು. ಆಮೇಲೆ ಹೆಸರುಕಾಳಿನ ಹೂ ಎದ್ದು ಬಟ್ಟಲಿನ ಅಂಚಿನ ಸುತ್ತ ಕೂತಿತು, ಒಂದರ ಪಕ್ಕ ಒಂದು, ಅಲುಗಾಡದೆ. ಉಸಿರು ಬಿಟ್ಟರೆ ಉದುರೀತು ಅಂತ ನಾನು ಬಾಯಿಗೆ ಅಂಗಿಯ ತೋಳು ಅಡ್ಡ ಹಿಡಿದೆ. ಮಾವನವರು ಕಣ್ಣು ಕಿರಿದು ಮಾಡಿಕೊಂಡಿದ್ದರು. ಆಗ ತಿಳಿಯಿತು, ಅವರಿಗೆ ಹೂ ಕಾಣುತ್ತಿಲ್ಲ. ಎಷ್ಟು ವರ್ಷದಿಂದಲೋ. ಹೂ ಸಣ್ಣದಾಗುತ್ತಾ ಬಂತು. ಶಿಹೌ ಬೆಂಕಿಯ ಕಡೆ ಇದ್ದರು.

"ಮಾವ," ಅಂದೆ, "ಒಳ್ಳೇದು ಮುಗೀತು. ಬಟ್ಲು ಬದಲಾಯ್ಸಿ."

ನಾನೇ ಅಂದೆನೋ, ನೀನು ಕಾಗದದಿಂದ ಎದ್ದು ಬಂದು ಅಂದೆಯೋ. ಗೌನ ಕೈಯಿಂದ ಸಲಿಕೆ ಬಿತ್ತು. ಮಾವನವರು ಬಟ್ಟಲು ಬದಲಾಯಿಸಿದರು.

ನಡುವಿನ ಸಾರಾಯಿಯನ್ನು ಒಂದು ಗುಟುಕು ಬಾಯಲ್ಲಿಟ್ಟುಕೊಂಡರು. ನುಂಗಲಿಲ್ಲ. ಒಲೆಯಲ್ಲಿ ಒಂದು ಕೊರಡು ಉರಿದು ಬೀಳುವಷ್ಟು ಹೊತ್ತು. ನುಂಗಿದ ಮೇಲೆ ಅಂದರು, "ಶುಂಠಿ."

"ಏನು?" ಅಂದ ಗೌ.

"ಇದ್ರಲ್ಲಿ ಶುಂಠಿ ಇದೆ. ಉಪ್ಪಿನಕಾಯಿ ಶುಂಠಿ." ನನ್ನ ಕಡೆ ತಿರುಗಿದರು. "ನಿನ್ನತ್ತೆ ಜಾಡಿ ಒಡೆದುಹೋಯ್ತು ಅಂತ ಹೇಳಿದ್ಲು."

ನಾನೂ ಒಂದು ಹನಿ ನಾಲಿಗೆಗೆ ಇಟ್ಟು ನೋಡಿದೆ. ಬೆಂಕಿ, ಆಮೇಲೆ ಪೇರಹಣ್ಣು, ಆಮೇಲೆ ಗಂಟಲಿನಿಂದ ಮೇಲೆ ತಿರುಗಿ ಬರುವ ಒಂದು ಸಿಹಿ. ಶುಂಠಿ ನನಗೆ ಸಿಗಲಿಲ್ಲ. ಶಿಹೌಗೂ ಇಲ್ಲ, ಗೌಗೂ ಇಲ್ಲ. ಆರು ಬುಟ್ಟಿಗೆ ಒಂದು ಜಾಡಿ. ಆ ಜಾಡಿಯಲ್ಲಿ ಇಪ್ಪತ್ತೈದು ವರ್ಷದ ಹಿಂದೆ ಇದ್ದ ಶುಂಠಿ. ಆ ನಾಲಿಗೆಯ ಎದುರು ನಾನು "ಕುಣಿ ತುಂಬ್ತು" ಅಂತ ಸುಳ್ಳು ಹೇಳಿದ್ದೆ.

ಎಲ್ಲ ಹೇಳಿದೆ. ಹಿಂದಿನದು ಮುಂದೆ, ಮುಂದಿನದು ಹಿಂದೆ ಮಾಡಿ ಹೇಳಿದೆ. ಗುದ್ದಲಿ, ಬುಟ್ಟಿ, ಸಾಸಿವೆ ಸೊಪ್ಪು, ಸುಳ್ಳು, ನಿನ್ನ ಕಾಗದ, ಸಮಿತಿಯ ಅಜ್ಜಿಯ ಮಂಡಿ ಕೂಡ. ನಿನ್ನ ಹೆಸರು ಬಿಡಲಿಲ್ಲ, ಕ್ಷಮಿಸು. ಆ ಹೆಸರು ಈ ಮನೆಯಲ್ಲಿ ಜೋರಾಗಿ ಕೇಳಿದ್ದು ನನ್ನ ಕಿವಿಗೂ ಅದೇ ಮೊದಲು.

ಅವರು ಕೇಳಿದ್ದು ಒಂದೇ. "ಏನ್ ಹಾಕಿ ಸಾಕಿದ್ಲು?"

"ಸೋಯಾ ಹಿಟ್ಟು, ಕೊಳೆತ ಹಣ್ಣು. ಹದಿನೈದು ದಿನಕ್ಕೆ ಎರಡು ಚಮಚ ಸಾರಾಯಿ."

"ಯಾರ ಸಾರಾಯಿ?"

"ಅಂಗಡೀದು. ಅಗ್ಗದ್ದೇ ಇರ್ಬೇಕು."

"ಪಾಪ" ಅಂದರು. ಮಣ್ಣಿಗೆ ಅಂದರೋ ನಿನಗೆ ಅಂದರೋ, ಮೂರು ದಿನದಿಂದ ಯೋಚಿಸುತ್ತಿದ್ದೇನೆ.

ಸಾರಾಯಿ ಹಳೆಯದರ ಹಾಗಿಲ್ಲ. ಅವರೇ ಹೇಳಿದರು. ಇನ್ನೂ ಹಸಿ, ಗೋಡೆ ಮೊದಲಿನ ಹಾಗಾಗಲು ಮೂವತ್ತು ವರ್ಷ ಬೇಕು, ಅಲ್ಲಿಯವರೆಗೆ ಯಾರಾದರೂ ಸೋಪಿನಿಂದ ದೂರ ಇಟ್ಟರೆ. ಅದನ್ನು ಹೇಳುವಾಗ ನನ್ನ ಕಡೆ ನೋಡಿದರು. ನಕ್ಕರು ಅಂತ ಶಿಹೌ ಅನ್ನುತ್ತಾರೆ. ನನಗೆ ಹಾಗೆ ಕಾಣಲಿಲ್ಲ, ಆದರೆ ನಾನು ಆಗ ಅವರ ಮುಖ ನೋಡುತ್ತಿರಲಿಲ್ಲ.

ಆಮೇಲೆ ಖಾಲಿ ಜಾಡಿ ಎಲ್ಲಿ ಅಂತ ಕೇಳಿದರು. ಅಡುಗೆಮನೆಯಲ್ಲಿ ಬಚ್ಚಿಟ್ಟಿದ್ದೆ, ತಂದೆ. ತಾವೇ ಬಟ್ಟೆಯಿಂದ ಒರೆಸಿದರು. ಕಂಠದ ಹತ್ತಿರ ಅತ್ತೆಯ ಕಾಲದ ಒಂದು ಸೀಳಿದೆಯಲ್ಲ, ಅದರ ಮೇಲೆ ಹೆಬ್ಬೆರಳು ಎರಡು ಸಲ ಆಡಿಸಿದರು. ಅವತ್ತಿನ ನಡುವಿನ ಸಾರಾಯಿಯಿಂದ ತುಂಬಿ, ಮುಚ್ಚಳ ಹಾಕಿ, ಗಾಳಿ ಒಳಗೆ ಹೋಗದ ಹಾಗೆ ಮುಚ್ಚಳದ ಸುತ್ತಲಿನ ಕಟ್ಟೆಗೆ ನೀರು ಬಿಟ್ಟರು. ಬರುವ ವಾರದ ದೋಣಿಗೆ ಚೊಂಗ್‌ಚಿಂಗ್‌ಗೆ ಕಳಿಸಲಾ ಅಂತ ಕೇಳಿದೆ.

"ಬೇಡ. ಬೇಕಾದೋರು ಬಂದು ತಗೊಳ್ಳಲಿ."

ಜಾಡಿಯನ್ನು ಎಲ್ಲಿ ಇಡಬೇಕೆಂದು ಕೈ ಮಾಡಿ ತೋರಿಸಿದರು. ಭಟ್ಟಿಮನೆಯ ಒಳಗೆ, ಕುಣಿಯ ಆ ಕಪ್ಪು ಮೂಲೆಯ ಪಕ್ಕ.

ನಿನಗೆ ರಜೆ ಸಿಗುತ್ತದೋ ಇಲ್ಲವೋ, ಸೆಕೆಗೆ ಜಾಡಿಯ ಕಟ್ಟೆಯ ನೀರು ಬೇಗ ಆರುತ್ತದೆ, ನಾನು ದಿನಕ್ಕೆ ಎರಡು ಸಲ ತುಂಬಿಸುತ್ತೇನೆ, ಅದರ ಚಿಂತೆ ಬೇಡ. ಮೆಟ್ಟಿಲಲ್ಲಿ ಹುಷಾರು, ಎಡಗಡೆ ಪಾಚಿ ಇದೆ. ಇನ್ನೊಂದು ವಿಷಯ. ನಿನಗೆ ಹೇಗಾಗುತ್ತದೋ ಅಂತ ನಾನು ಹೊಸ್ತಿಲ ಹೊರಗೆ ನಿಂತು ಜಾಡಿಗೆ ಕೈ ಚಾಚಿ ನೋಡಿದೆ. ಎಟುಕಲಿಲ್ಲ. ಬಗ್ಗಿ ನೋಡಿದೆ, ಊಟ ತಳ್ಳುವ ಉದ್ದ ಹಲಗೆಯಿಂದಲೂ ಪ್ರಯತ್ನಿಸಿದೆ. ಆಗುವುದಿಲ್ಲ ಅಕ್ಕ. ಕಾಲು ಒಳಗಿಟ್ಟೇ ತೆಗೆದುಕೊಳ್ಳಬೇಕು.

ದಾರಿ ನೋಡುತ್ತಿರುವ,
ಗ್ವಾಂಗ್‌ಬೀ